ಮೇಷ್ಟ್ರ ಹೆಸರಿನಲ್ಲಿ ಮಾತ್ರೆ

ವಿಮಾನಯಾನದ ಮೆಡಿಕಲ್ ಬೋರ್ಡಿನಿಂದ ಮೂರನೆಯ ಪತ್ರ ಬಂದಾಗ ಸುಪ್ರಜಾ ಅಡುಗೆಮನೆಯ ಕಟ್ಟೆಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ಫೋನಿನಲ್ಲಿ ಅದನ್ನು ಓದಿ ಮುಗಿಸಿ ಲೋಟವನ್ನು ಸಿಂಕಿಗೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು ಅನ್ನುವುದೇ ಸರಿ. ಮೊದಲ ಪತ್ರದಲ್ಲಿ, ಅವಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ ಸಹಿಯ ಕೆಳಗೆ ನೋಂದಣಿ ಸಂಖ್ಯೆಯ ಮೊಹರು ಇಲ್ಲ ಎಂದಿದ್ದರು. ಹಾಕಿಸಿ ಕಳಿಸಿದಳು. ಎರಡನೆಯದರಲ್ಲಿ, ಮೊಹರೇನೋ ಇದೆ, ಆದರೆ ಡಾಕ್ಟರ ಪತ್ರ ಮೂವತ್ತು ದಿನಕ್ಕಿಂತ ಹಳೆಯದು ಎಂದಿದ್ದರು. ಅದು ಹಳೆಯದಾದದ್ದು ಇವರು ಮೊದಲ ಪತ್ರ ಬರೆಯಲು ತೆಗೆದುಕೊಂಡ ದಿನಗಳಲ್ಲೇ. ಈಗ ಮೂರನೆಯದು. ಅಭ್ಯರ್ಥಿಯು ಮಾತ್ರೆ ನಿಲ್ಲಿಸಿದ್ದಕ್ಕೆ ಪುರಾವೆಯಾಗಿ ಒಪ್ಪಿಸಿದ ಮೆಡಿಕಲ್ ಶಾಪಿನ ಬಿಲ್ಲುಗಳು ಅಭ್ಯರ್ಥಿಯ ಹೆಸರಿನಲ್ಲಿಲ್ಲ, ಕೆ. ಶ್ರೀನಿವಾಸ ರಾವ್ ಎಂಬ ಇನ್ನೊಬ್ಬರ ಹೆಸರಿನಲ್ಲಿವೆ. ಆ ಹೆಸರಿನಲ್ಲಿ ಇದುವರೆಗೆ ಕೊಂಡ ಮಾತ್ರೆಗಳ ಪೂರ್ತಿ ಪಟ್ಟಿಯನ್ನು ಅಂಗಡಿಯ ಮೊಹರಿನೊಂದಿಗೆ ತರಬೇಕು. ಜೊತೆಗೆ ಮನೆಯವರೊಬ್ಬರನ್ನು ಸಂದರ್ಶನಕ್ಕೆ ಕರೆತರಬೇಕು. ಮುಂದಿನ ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ.

ಕೆ. ಶ್ರೀನಿವಾಸ ರಾವ್ ಎಂಬ ಆ ಇನ್ನೊಬ್ಬರು ಆ ಹೊತ್ತಿಗೆ ಹಿತ್ತಲಿನಲ್ಲಿ ಹಾಲಿನ ಕವರು ತೊಳೆಯುತ್ತಿದ್ದರು. ಬಸವನಗುಡಿಯಲ್ಲಿ ಯಾರಾದರೂ ಅವರನ್ನು ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಎಲ್ಲರಿಗೂ ಅವರು ಶೀನಣ್ಣ ಮೇಷ್ಟ್ರು. ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವರು, ಕಾಪಿ ಹೊಡೆದವನಿಗೆ ಸೊನ್ನೆ ಹಾಕಿ, ಅವನ ಅಪ್ಪ ಬಂದು ಕೈ ಮುಗಿದರೂ ಅದನ್ನು ಅಳಿಸದವರು. ಸುಪ್ರಜಾಗೆ ಅವರು ಅಪ್ಪ. ದಿನಕ್ಕೆರಡು ಹಾಲಿನ ಕವರನ್ನು ಸೋಪು ಹಾಕಿ ತೊಳೆದು, ಬಟ್ಟೆಯ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿ, ನೂರಾದ ಮೇಲೆ ಕಟ್ಟು ಕಟ್ಟಿ ಅಟ್ಟಕ್ಕೆ ಸೇರಿಸುವುದು ಅವರ ನಿತ್ಯಕರ್ಮ. ಯಾಕೆ ಎಂದು ಕೇಳಿದರೆ, ಚೆನ್ನಾಗಿರೋದನ್ನ ಎಸೆಯೋದು ಹೇಗೆ ಎನ್ನುತ್ತಿದ್ದರು.

"ಅಪ್ಪ, ಬಿಲ್ಲೆಲ್ಲ ನಿಮ್ಮ ಹೆಸರಲ್ಲಿದೆ ಅಂತ ಬೋರ್ಡಿನೋರು ತಕರಾರು ತೆಗ್ದಿದಾರೆ," ಸುಪ್ರಜಾ ಬಾಗಿಲಲ್ಲಿ ನಿಂತು ಹೇಳಿದಳು. "ಪೂರ್ತಿ ಲಿಸ್ಟ್ ಬೇಕಂತೆ, ಇವತ್ತಿನ ತನಕ. ರುದ್ರೇಶ್ ಹತ್ರ ಪ್ರಿಂಟ್ ತಗೊಂಡ್ಬರ್ತೀನಿ."

ಮೇಷ್ಟ್ರ ಕೈ ನಿಂತಿತು. "ನೀನ್ಯಾಕೆ ಹೋಗ್ತೀಯ? ನಾನು ಸಂಜೆ ಹೋಗ್ತೀನಿ ಬಿಡು."

"ಸಂಜೆ ತನಕ ಯಾಕೆ? ಹತ್ತು ನಿಮಿಷದ ದಾರಿ."

"ಬಿಸಿಲು."

ಸೆಪ್ಟೆಂಬರಿನ ಮೋಡ ಕವಿದ ಬೆಳಿಗ್ಗೆ ಅದು. ಅಪ್ಪನ ಮಾತನ್ನು ಕಿವಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಳು.

ಅವಳ ತಾಳ್ಮೆ ತಳ ಕಂಡಿತ್ತು ಅಂದರೆ ಅದರಲ್ಲಿ ಅವಳ ತಪ್ಪಿಲ್ಲ. ನಾಲ್ಕು ಸಾವಿರ ಗಂಟೆ ವಿಮಾನ ಹಾರಿಸಿದ ಕೋ-ಪೈಲಟ್ ಹದಿನೈದು ತಿಂಗಳಿಂದ ನೆಲ ಹಿಡಿದು ಕೂತಿದ್ದಳು. ಎರಡೂವರೆ ವರ್ಷದ ಹಿಂದೆ, ಯುಗಾದಿಯ ವಾರ, ಅವಳ ಅಮ್ಮ ಗೋದಾ ತೀರಿಕೊಂಡರು. ಮೂರು ದಿನ ಜ್ವರ, ನಾಲ್ಕನೆಯ ದಿನ ಇಲ್ಲ. ವೈಕುಂಠ ಸಮಾರಾಧನೆ ಮುಗಿಸಿ ಸುಪ್ರಜಾ ಡ್ಯೂಟಿಗೆ ಹೋದಳು, ವರ್ಷವಿಡೀ ಹಾರಿದಳು, ಎಲ್ಲ ಸರಿಹೋಯಿತು ಎಂದುಕೊಂಡಳು. ವರ್ಷಾಬ್ದಿಕ ಕಳೆದ ಮೇಲೆ ಒಂದು ಬೆಳಿಗ್ಗೆ ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಕಾರಿನಿಂದ ಇಳಿಯಲಾಗಲಿಲ್ಲ. ಕೈಕಾಲು ನೆಟ್ಟಗೇ ಇದ್ದವು. ಇಳಿಯಬೇಕು ಎಂದು ಮಾತ್ರ ಅನ್ನಿಸಲಿಲ್ಲ. ಅರ್ಧ ಗಂಟೆ ಹಾಗೇ ಕೂತು, ಕಂಪನಿಯ ಡಾಕ್ಟರಿಗೆ ತಾನೇ ಫೋನು ಮಾಡಿ, ನನಗೆ ಹುಷಾರಿಲ್ಲ, ಇವತ್ತು ಹಾರುವುದಿಲ್ಲ ಎಂದಳು.

ಆಮೇಲೆ ಮಾತ್ರೆ. ಖಿನ್ನತೆಯ ಮಾತ್ರೆ, ದಿನಕ್ಕೊಂದು, ಏಳು ತಿಂಗಳು. ಮಾತ್ರೆ ಶುರುವಾದ ದಿನವೇ ಅವಳ ಮೆಡಿಕಲ್ ಹೋಯಿತು. ಪೈಲಟ್‌ಗಳ ಬಾಯಲ್ಲಿ ಮೆಡಿಕಲ್ ಅಂದರೆ ಹಾರಲು ಯೋಗ್ಯರು ಎಂದು ಬೋರ್ಡು ಕೊಡುವ ಪ್ರಮಾಣಪತ್ರ. ಅದಿಲ್ಲದೆ ಲೈಸೆನ್ಸು ಬರೀ ಕಾಗದ. ಜನವರಿಯಲ್ಲಿ ಡಾಕ್ಟರು ಮಾತ್ರೆ ನಿಲ್ಲಿಸಿದರು. ನಿಲ್ಲಿಸಿ ಆರು ತಿಂಗಳು ಕಾಯಬೇಕೆಂದರು, ಕಾದಳು. ಆಗಸ್ಟಿನಲ್ಲಿ ಅರ್ಜಿ ಹಾಕಿದಳು. ಅಲ್ಲಿಂದ ಈ ಪತ್ರಗಳ ಮೆರವಣಿಗೆ ಶುರುವಾಯಿತು. ಕಂಪನಿಯವರು ಡಿಸೆಂಬರ್ ಮೂವತ್ತೊಂದರ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಮೆಡಿಕಲ್ ಬರದಿದ್ದರೆ ಕೆಲಸ ಇಲ್ಲ.

ಹೊಟ್ಟೆ ಉರಿಸುವುದಕ್ಕೆ ಮುತ್ತುರಾಜ್ ಬೇರೆ ಇದ್ದ. ಅವಳ ಬ್ಯಾಚಿನವನು, ಈಗ ಕ್ಯಾಪ್ಟನ್. "ಮಗಾ, ನಿಂಗೆ ಯಾರು ಹೇಳು ಅಂದಿದ್ದು?" ಎಂದು ಅವನು ತಿಂಗಳಿಗೊಮ್ಮೆ ಫೋನು ಮಾಡಿ ಕೇಳುತ್ತಿದ್ದ. "ನಾನೂ ತಗೋತೀನಿ ಅದನ್ನ. ನಮ್ಮಣ್ಣನ ಹೆಸರಲ್ಲಿ. ಫಾರಂನಲ್ಲಿ ಇಲ್ಲ ಅಂತ ಬರೀತೀನಿ, ಬರ್ತೀನಿ, ಅಷ್ಟೇ." ನಿಜ ಹೇಳಿದವಳು ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಮುಚ್ಚಿಟ್ಟವನು ದಿನಾ ನೂರೆಂಬತ್ತು ಜನರನ್ನು ಕೂರಿಸಿಕೊಂಡು ಹಾರುತ್ತಿದ್ದ. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವಳಿಗೆ ಗೊತ್ತಿರಲಿಲ್ಲ.

ಬಿಲ್ಲು ಅಪ್ಪನ ಹೆಸರಿಗೆ ಬಂದದ್ದು ಹೀಗೆ. ಮನಸ್ಸಿನ ಡಾಕ್ಟರು ಬೇಕೆಂದಾಗ ಮೇಷ್ಟ್ರು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮೂರನ್ನೂ ಬಿಟ್ಟು, ನೆಂಟರಿಷ್ಟರು ಒಬ್ಬರೂ ಇಲ್ಲದ ಶೇಷಾದ್ರಿಪುರದಲ್ಲಿ ಡಾಕ್ಟರ್ ವಿಶಾಖಾ ಅವರನ್ನು ಹುಡುಕಿದರು. ಮೊದಲ ದಿನವೇ ಅಲ್ಲಿನ ಬೆಂಚಿನಲ್ಲಿ ಇವರ ಹಿಂದಿನ ಬೀದಿಯ ರಾಮಾನುಜ ಕೂತಿದ್ದರು. ಅವರು ಪೇಪರು ಮುಖಕ್ಕೆ ಹಿಡಿದರು, ಮೇಷ್ಟ್ರು ಗೋಡೆಯ ಕ್ಯಾಲೆಂಡರು ಓದಿದರು. ಮಾತ್ರೆ ತರುವ ಪ್ರಶ್ನೆ ಬಂದಾಗ ಮೇಷ್ಟ್ರು ತ್ಯಾಗರಾಜನಗರದ ರುದ್ರೇಶನ ಅಂಗಡಿಗೆ ತಾವೇ ಹೋಗುವುದಾಗಿ ಹೇಳಿದರು. "ನಿನ್ನ ಹೆಸರು ಅಲ್ಲೆಲ್ಲ ಬರೋದು ಬೇಡ. ನಂಗೆ ಎಪ್ಪತ್ತು, ಏನು ಕಾಯಿಲೆ ಇದ್ರೂ ಯಾರೂ ಕೇಳಲ್ಲ," ಅಂದರು. ರುದ್ರೇಶ ಅವರ ಕೈಯಲ್ಲಿ ಪೆಟ್ಟು ತಿಂದು ಗಣಿತ ಕಲಿತವನು. ಮೇಷ್ಟ್ರನ್ನು ಚೀಟಿ ತೋರಿಸಿ ಎಂದು ಕೇಳುವ ಧೈರ್ಯ ಅವನಿಗೆ ಈ ಜನ್ಮದಲ್ಲಿ ಬರುವುದಿಲ್ಲ.

ಈಗಲೂ ಅವನು ಸುಪ್ರಜಾಳನ್ನು ಕಂಡು ಸ್ಟೂಲಿನಿಂದ ಎದ್ದ. "ಬನ್ನಿ ಮೇಡಂ. ಮೇಷ್ಟ್ರು ಚೆನ್ನಾಗಿದಾರಾ?" ಅವಳು ಬೇಕಾದ್ದನ್ನು ಹೇಳಿದಳು. ಅವನು ಕಂಪ್ಯೂಟರಿನಲ್ಲಿ ಮೇಷ್ಟ್ರ ಫೋನ್ ನಂಬರು ಒತ್ತಿದ, ಪ್ರಿಂಟರು ಕಿರುಗುಟ್ಟಿತು. ಒಂದು ಹಾಳೆ ಬಂತು, ಎರಡನೆಯದು ಬಂತು. ಅವಳು ಕೈ ಚಾಚಿದಳು.

"ಒಂದ್ನಿಮಿಷ, ಇನ್ನೂ ಇದೆ," ಅಂದ ರುದ್ರೇಶ.

ಮೂರನೆಯದು ಬಂತು. ನಾಲ್ಕನೆಯದು ಬಂತು. ಸುಪ್ರಜಾ ನಿಂತಲ್ಲೇ ಓದಿದಳು. ಎರಡನೆಯ ಹಾಳೆಯ ಕೊನೆಗೆ ಜನವರಿ ಇತ್ತು. ಮೂರನೆಯದರಲ್ಲಿ ಫೆಬ್ರವರಿ, ಮಾರ್ಚ್, ಏಪ್ರಿಲ್. ಅದೇ ಮಾತ್ರೆ, ಅದೇ ಶಕ್ತಿಯದು, ತಿಂಗಳಿಗೆ ಮೂರು ಸ್ಟ್ರಿಪ್. ಕೊನೆಯ ಸಾಲಿನಲ್ಲಿ ಹೋದ ಶುಕ್ರವಾರದ ತಾರೀಕಿತ್ತು.

"ಇದು ತಪ್ಪು ಪ್ರಿಂಟ್ ಆಗಿದೆ."

"ತಪ್ಪೇನಿಲ್ಲ ಮೇಡಂ. ಶುಕ್ರವಾರ ನಾನೇ ಕೊಟ್ನಲ್ಲ," ಅಂದ ರುದ್ರೇಶ, ಮೊಹರು ಒತ್ತುತ್ತಾ. ನಾಲ್ಕೂ ಹಾಳೆಗೆ ಒತ್ತಿದ.

ಮನೆಗೆ ನಡೆಯುವ ಹತ್ತು ನಿಮಿಷದಲ್ಲಿ ಅವಳ ಪಿತ್ತ ನೆತ್ತಿಗೇರಿತು. ಈ ನಾಲ್ಕು ಹಾಳೆ ನೋಡಿದವರು ಏನು ತಿಳಿಯುತ್ತಾರೆ ಎನ್ನುವುದಕ್ಕೆ ಬುದ್ಧಿ ಬೇಕಿರಲಿಲ್ಲ. ಈ ಹುಡುಗಿ ಮಾತ್ರೆ ನಿಲ್ಲಿಸಿಲ್ಲ, ಅಪ್ಪನ ಹೆಸರಿನಲ್ಲಿ ತರಿಸಿ ಈಗಲೂ ನುಂಗುತ್ತಿದ್ದಾಳೆ ಎಂದು ತಿಳಿಯುತ್ತಾರೆ. ಹದಿನೈದು ತಿಂಗಳ ಕಾಯುವಿಕೆ, ಡಾಕ್ಟರ ಪತ್ರ, ಮೊಹರು, ಎಲ್ಲ ನೀರಿನಲ್ಲಿ ಹೋಮ.

ಮೇಷ್ಟ್ರು ಜಗುಲಿಯ ಕುರ್ಚಿಯಲ್ಲಿ ಕೂತು ಅವಳ ದಾರಿಯನ್ನೇ ನೋಡುತ್ತಿದ್ದರು. ಅವಳು ಹಾಳೆಗಳನ್ನು ಅವರ ತೊಡೆಯ ಮೇಲೆ ಇಟ್ಟಳು.

"ಇದೇನಪ್ಪ?"

ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. "ಇರ್ಲಿ ಅಂತ ತಂದಿಟ್ಟಿದೀನಿ. ನಿಂಗೆ ಮತ್ತೆ ಬೇಕಾದ್ರೆ ಪೇಚಾಡೋ ಹಾಗಾಗಬಾರದು ಅಂತ."

"ಎಲ್ಲಿಟ್ಟಿದೀರ? ತೋರ್ಸಿ."

ಮೇಷ್ಟ್ರು ಹಾಳೆಗಳನ್ನು ಮಡಿಸಿದರು.

"ತಿಂಗಳಿಗೆ ಮೂರು ಸ್ಟ್ರಿಪ್. ಇಪ್ಪತ್ತಕ್ಕಿಂತ ಜಾಸ್ತಿ ಇರ್ಬೇಕು ಮನೇಲಿ. ತೋರ್ಸಿ ಅಪ್ಪ, ನೋಡ್ತೀನಿ."

ಮೇಷ್ಟ್ರು ಎದ್ದು ಒಳಗೆ ಹೋದರು. ಗೋದಾ ಸೂಜಿ ದಾರ ಇಡುತ್ತಿದ್ದ ಬಿಸ್ಕತ್ತಿನ ಡಬ್ಬಿ ತಂದು ಅವಳ ಕೈಗೆ ಕೊಟ್ಟರು. ಒಳಗೆ ಸ್ಟ್ರಿಪ್‌ಗಳಿದ್ದವು, ಹತ್ತತ್ತರ ಕಟ್ಟು, ಪ್ರತಿ ಕಟ್ಟಿಗೂ ರಬ್ಬರ್ ಬ್ಯಾಂಡು. ಎಲ್ಲವೂ ಖಾಲಿ. ಶುಕ್ರವಾರ ತಂದ ಮೂರನ್ನು ಬಿಟ್ಟರೆ ಒಂದರಲ್ಲೂ ಒಂದು ಮಾತ್ರೆ ಇರಲಿಲ್ಲ.

ಸುಪ್ರಜಾ ಡಬ್ಬಿಯನ್ನೂ ಅಪ್ಪನನ್ನೂ ನೋಡಿದಳು.

"ಜನವರಿಲಿ ನೀನು ನಿಲ್ಸಿದಾಗ ಎಂಟು ಮಾತ್ರೆ ಉಳೀತು," ಮೇಷ್ಟ್ರು ನೆಲ ನೋಡುತ್ತಾ ಹೇಳಿದರು. "ಎಕ್ಸ್‌ಪೈರಿ ಇನ್ನೂ ಎರಡು ವರ್ಷ ಇತ್ತು. ಚೆನ್ನಾಗಿರೋದನ್ನ ಎಸೆಯೋದು ಹೇಗೆ?"

"ಎಸೆಯಕ್ಕಾಗ್ಲಿಲ್ಲ ಅಂತ ನುಂಗಿದ್ರಾ?"

"ಎಸೆಯಕ್ಕಾಗ್ಲಿಲ್ಲ ಅಂತ ಇಟ್ಕೊಂಡೆ. ಒಂದಿನ ನುಂಗ್ದೆ." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಂಗೂ ಅದೇ ಆಗಿತ್ತಲ್ಲ ಸುಪ್ಪಿ. ನಿಮ್ಮಮ್ಮ ಹೋದ್ಮೇಲೆ. ಬೆಳಿಗ್ಗೆ ಎದ್ರೆ ಎದೆ ಮೇಲೆ ಯಾರೋ ಕೂತ ಹಾಗೆ. ನಿಂಗೆ ಹೀಗಾಗಿದೆ ಅಂತ ಡಾಕ್ಟ್ರು ಒಂದೊಂದೇ ಹೇಳ್ತಿದ್ರು, ನಾನು ಪಕ್ಕದಲ್ಲಿ ಕೂತು ಕೇಳ್ತಿದ್ದೆ. ಎಲ್ಲ ನಂದೇ ಹೇಳ್ತಿದಾರೆ ಅನ್ನಿಸ್ತಿತ್ತು."

"ಮತ್ತೆ ಅಲ್ಲೇ ಹೇಳ್ಬೇಕಿತ್ತಲ್ಲ."

"ನಿನ್ನ ಕರ್ಕೊಂಡು ಹೋಗಿದ್ದು ನಾನು. ನಂದು ಹೇಗೆ ಹೇಳ್ಲಿ? ಎಂಟು ಮುಗೀತು, ಏನೂ ಆಗ್ಲಿಲ್ಲ. ಮೂರು ವಾರ ಬೇಕು ಅಂತ ನಿಂಗೆ ಹೇಳಿದ್ರಲ್ಲ ಅವರು, ಅದು ಜ್ಞಾಪಕ ಇತ್ತು. ಇನ್ನೊಂದಷ್ಟು ತಂದೆ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ನಿಮ್ಮಮ್ಮನ ರೇಡಿಯೋ ಹಾಕ್ದೆ. ಎರಡು ವರ್ಷದಿಂದ ಹಾಕಿರ್ಲಿಲ್ಲ. ಅವತ್ತು ಕೊನೆ ತನಕ ಕೇಳ್ದೆ."

ಆ ಬೆಳಿಗ್ಗೆ ಸುಪ್ರಜಾಗೆ ನೆನಪಿತ್ತು. ರೇಡಿಯೋ ಸದ್ದಿಗೆ ಎಚ್ಚರವಾಗಿ, ಇವರಿಗೆ ಅಮ್ಮನ ನೆನಪೇ ಹೋಯಿತೇನೋ ಎಂದು ಸಿಡುಕಿದ್ದಳು. ಒಂದೇ ಮನೆಯಲ್ಲಿ, ಒಂದೇ ಕಾಯಿಲೆಯಲ್ಲಿ, ಎದುರುಬದುರು ಕೂತು ಎರಡು ವರ್ಷ ಅನ್ನ ಉಂಡಿದ್ದರು. ತನ್ನ ಕಾಯಿಲೆಯ ಬಗ್ಗೆ ಬೋರ್ಡಿಗೆ ಹತ್ತು ಪುಟ ಬರೆದವಳಿಗೆ ಅಪ್ಪನದು ಕಾಣಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಷ್ಟೂ ಸಿಟ್ಟು ಹೆಚ್ಚಾಯಿತು.

"ಕೊನೇಪಕ್ಷ ನಂಗಾದ್ರೂ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳಿದ್ರೆ ನೀನು ಅದನ್ನೂ ಫಾರಂನಲ್ಲಿ ಬರೀತಿದ್ದೆ. ನಿನ್ನ ಸ್ವಭಾವ ನಂಗೊತ್ತಿಲ್ವಾ?"

ಅದೂ ನಿಜವೇ. ಆಗಸ್ಟಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು, ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯೇ ಎಂದು. ಅವಳು ನಿರ್ಮಲ ಮನಸ್ಸಿನಿಂದ ಇಲ್ಲ ಎಂದು ಬರೆದಿದ್ದಳು. ಈಗ ಅಪ್ಪನ ವಿಷಯ ಹೇಳಿದರೆ ನಾಲ್ಕು ಹಾಳೆಯ ಅನುಮಾನ ನೀಗುತ್ತಿತ್ತು, ಆದರೆ ಆ ಇಲ್ಲ ಎನ್ನುವುದು ಹೌದು ಆಗುತ್ತಿತ್ತು. ಹೌದು ಎಂದ ಕೂಡಲೇ ಇನ್ನೊಂದು ಪರೀಕ್ಷೆ, ಇನ್ನೊಂದು ಪತ್ರ, ಮೂವತ್ತು ದಿನ, ಮೊಹರು. ಡಿಸೆಂಬರ್ ಯಾರಿಗೂ ಕಾಯುವುದಿಲ್ಲ.

"ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂತಾರೆ ಊರಲ್ಲಿ," ಶೀನಣ್ಣ ಮೇಷ್ಟ್ರು ಮೆಲ್ಲಗೆ ಹೇಳಿದರು. "ನಿನ್ನ ಹೆಸರು ಬರಬಾರದು ಅಂತ ನನ್ನ ಹೆಸರಲ್ಲಿ ತಂದೆ. ಈಗ ನನ್ನ ಹೆಸರನ್ನ ಯಾರ ಹೆಸರಲ್ಲಿ ಬಚ್ಚಿಡ್ಲಿ?"

ಮಂಗಳವಾರ ಅವಳು ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಶೇಷಾದ್ರಿಪುರಕ್ಕೆ ಹೋದಳು. ಡಾಕ್ಟರ್ ವಿಶಾಖಾ ಎಲ್ಲ ಕೇಳಿ, ಎಪ್ಪತ್ತರ ಮೇಷ್ಟ್ರಿಗೆ ಏಳು ವರ್ಷದ ಹುಡುಗನಿಗೆ ಹೇಳುವ ಹಾಗೆ ಹೇಳಿದರು. "ನಿಮ್ಮ ಬಿ.ಪಿ. ಮಾತ್ರೆ ಜೊತೆ ಇದನ್ನ ನಿಮ್ಮಷ್ಟಕ್ಕೆ ನೀವೇ ತಗೊಂಡಿದೀರಲ್ಲ, ಏನಾದ್ರೂ ಆಗಿದ್ರೆ? ಅದೃಷ್ಟ ನಿಮ್ದು." ಆಮೇಲೆ ಒಂದು ಗಂಟೆ ಅವರ ಜೊತೆ ಮಾತಾಡಿದರು. ಮಾತ್ರೆ ಇನ್ನೂ ಬೇಕು, ಆದರೆ ಕಡಿಮೆ ಶಕ್ತಿಯದು ಎಂದು ಹೊಸ ಚೀಟಿ ಬರೆದರು. ಚೀಟಿಯ ಮೇಲೆ ರೋಗಿಯ ಹೆಸರು ಕೆ. ಶ್ರೀನಿವಾಸ ರಾವ್. ಮೇಷ್ಟ್ರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿ ಶುಕ್ರವಾರ ತಂದದ್ದು ಇನ್ನೂ ಇದೆ, ಅರ್ಧ ಮಾಡಿ ನುಂಗುತ್ತೇನೆ ಎಂದರು.

"ಬೋರ್ಡಿಗೆ ಏನ್ ಹೇಳ್ಲಿ ಡಾಕ್ಟ್ರೇ?" ಸುಪ್ರಜಾ ಕೇಳಿದಳು.

"ಅದು ನೀವಿಬ್ರೂ ತೀರ್ಮಾನ ಮಾಡ್ಬೇಕು. ನಿಮ್ಮಪ್ಪನ ವಿಷಯ ಅವರು ಒಪ್ಪದೆ ನಾನು ಯಾರಿಗೂ ಹೇಳೋ ಹಾಗಿಲ್ಲ."

ಬುಧವಾರ ಸುಪ್ರಜಾ ತೀರ್ಮಾನ ಮಾಡಿದಳು. ರುದ್ರೇಶನ ಅಂಗಡಿಗೆ ಹೋಗಿ, ಜನವರಿ ಮೂವತ್ತೊಂದರ ತನಕ ಸಾಕು, ಆಮೇಲಿನದು ಬೇಡ ಎಂದಳು. ಅವನು ಯಾಕೆಂದು ಕೇಳಲಿಲ್ಲ. ಮೇಷ್ಟ್ರ ಮಗಳು ಕೇಳಿದ ಮೇಲೆ ಮುಗಿಯಿತು. ಎರಡೇ ಹಾಳೆ ಬಂದವು, ಅಚ್ಚುಕಟ್ಟಾಗಿ. ಇದುವರೆಗಿನ ಪೂರ್ತಿ ಪಟ್ಟಿ ಎಂದು ಅವಳು ಹೇಳಿದ್ದನ್ನು ಅವನು ಕೆಳಗೆ ಬರೆದು ಮೊಹರು ಒತ್ತಿದ. ಅಪ್ಪನ ಮರ್ಯಾದೆಗೋಸ್ಕರ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಪೂರ್ತಿ ಸುಳ್ಳಲ್ಲ ಅದು. ಆದರೆ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಇದ್ದದ್ದು ಅಪ್ಪನ ಮುಖವಲ್ಲ, ಮೂವತ್ತೈದು ಸಾವಿರ ಅಡಿ ಮೇಲಿನ ಬೆಳಗು.

ಅಪ್ಪನಿಗೆ ಪಾಠ ಹೇಳಿಕೊಟ್ಟಳು. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನಾನು ಸಂಕೋಚ ಪಟ್ಕೊಂಡೆ, ನೀವು ತಂದುಕೊಟ್ರಿ, ಜನವರಿಲಿ ನಿಲ್ತು. ಅಷ್ಟೇ." ಮೂವತ್ತೊಂದು ವರ್ಷ ಕಾಪಿ ಚೀಟಿ ಹಿಡಿದ ಮೇಷ್ಟ್ರು ತಲೆ ಆಡಿಸಿದರು.

ಗುರುವಾರ ಊರಿನ ಆ ತುದಿಗೆ ಆಟೋದಲ್ಲಿ ಹೋದರು. ಮೇಷ್ಟ್ರು ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಬೆಳಿಗ್ಗೆ ಪೂರ್ತಿ ಸುಪ್ರಜಾಳದೇ ಆಯಿತು: ರಕ್ತ, ಪ್ರಶ್ನಾವಳಿ, ಬಣ್ಣದ ಚಿತ್ರಗಳು, ನಿದ್ದೆ ಹೇಗೆ, ಅಮ್ಮ ನೆನಪಾದರೆ ಏನಾಗುತ್ತದೆ. ಬೋರ್ಡಿನ ಡಾಕ್ಟರ್ ಅನಿಲ್ ಕುಮಾರ್ ಐವತ್ತು ದಾಟಿದವರು, ಮಾತು ಕಡಿಮೆ. ಅವಳ ಎರಡು ಹಾಳೆಯನ್ನು ತಿರುವಿ ನೋಡಿ ಫೈಲಿಗೆ ಸೇರಿಸಿದರು. "ಸರಿ. ನಿಮ್ಮ ತಂದೆಯವರನ್ನ ಕಳಿಸಿ, ಹತ್ತು ನಿಮಿಷ ಸಾಕು," ಅಂದರು. ಅವಳು ಎದ್ದು ಬರುವಾಗ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಅವಳ ಎದೆ ಹಗುರಾಯಿತು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮುಚ್ಚಿದ ಬಾಗಿಲ ಮುಂದಿನ ಬೆಂಚಿನಲ್ಲಿ ಅವಳು ಕಾಲು ಕುಣಿಸುತ್ತಾ ಕೂತಳು. ನಲವತ್ತು ನಿಮಿಷಕ್ಕೆ ಮೇಷ್ಟ್ರು ಹೊರಗೆ ಬಂದು ಅವಳ ಪಕ್ಕ ಕೂತರು. ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಹೇಳ್ಬಿಟ್ಟೆ," ಅಂದರು.

"ಏನ್ ಹೇಳ್ಬಿಟ್ರಿ?"

"ಎಲ್ಲ. ಎಂಟು ಮಾತ್ರೆಯಿಂದ ಹಿಡಿದು."

"ಯಾಕಪ್ಪ? ನಿನ್ನೆ ಅಷ್ಟು ಹೇಳಿದ್ನಲ್ಲ."

"ನೀನು ಹೇಳ್ಕೊಟ್ಟ ಹಾಗೇ ಹೇಳ್ತಾ ಬಂದೆ. ಕೊನೇಗೆ ಒಂದು ಕೇಳಿದ್ರು. ನಾಳೆ ಮಗಳು ಹಾರೋಕೆ ಶುರು ಮಾಡಿದ್ಮೇಲೆ, ಮನೇಲಿ ಅವಳು ಸರಿಯಿಲ್ಲ ಅಂತ ನಿಮಗೆ ಕಂಡ್ರೆ, ನಮಗೆ ಬಂದು ಹೇಳ್ತೀರಾ ಅಂತ." ಮೇಷ್ಟ್ರು ಕರ್ಚೀಫು ಮಡಿಸಿದರು. "ಹೇಳ್ತೀನಿ ಅನ್ನೋಕೆ ಬಾಯಿ ಬರ್ಲಿಲ್ಲ ಸುಪ್ಪಿ. ನಂದೇ ಹೇಳದೋನು ನಿಂದು ಹೇಳ್ತೀನಾ? ಅದಕ್ಕೆ ಮೊದ್ಲು ನಂದು ಹೇಳ್ದೆ. ಆಮೇಲೆ, ಹೇಳ್ತೀನಿ ಅಂದೆ."

ಮೇಷ್ಟ್ರ ಮುಖದಲ್ಲಿ ಎರಡು ವರ್ಷದಿಂದ ಕಾಣದ ನಿರಾಳ ಇತ್ತು. ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದರು. ಮಗಳು ಬೆಳಿಗ್ಗೆ ಫೈಲಿಗೆ ಕೊಟ್ಟದ್ದು ಎರಡೇ ಹಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ಆ ಎರಡು ಹಾಳೆಯ ಕೆಳಗೆ ಇದುವರೆಗಿನ ಪೂರ್ತಿ ಪಟ್ಟಿ ಎಂದು ಬರೆದಿತ್ತು. ಅಪ್ಪನ ಮಾತು ಸೆಪ್ಟೆಂಬರಿನ ತನಕ ಹೋಗಿತ್ತು. ಜೀವನವಿಡೀ ಫಾರಂನಲ್ಲಿ ನಿಜ ಬರೆದವಳು ಒಂದೇ ಒಂದು ದಿನ ಸುಳ್ಳು ಕೊಟ್ಟಿದ್ದಳು, ಎರಡು ವರ್ಷ ಮುಚ್ಚಿಟ್ಟವರು ಅದೇ ದಿನ ಬಾಯಿ ಬಿಟ್ಟಿದ್ದರು. ಸುಪ್ರಜಾಗೆ ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಅಪ್ಪನಿಗೆ ಮರೆವು, ಏನೇನೋ ಹೇಳುತ್ತಾರೆ ಎಂದುಬಿಡಬಹುದಿತ್ತು. ಆ ಯೋಚನೆ ಬಂದದ್ದು ಸುಳ್ಳಲ್ಲ. ಒಂದು ಕ್ಷಣ ಅವಳು ಅದನ್ನು ತೂಗಿಯೂ ನೋಡಿದಳು. ಪಕ್ಕದಲ್ಲಿ ಮೇಷ್ಟ್ರು ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದರು. ಅವಳು ಬ್ಯಾಗು ತೆರೆದು, ತಳದಲ್ಲಿ ಮಡಿಸಿಟ್ಟಿದ್ದ ಮೊದಲಿನ ನಾಲ್ಕು ಹಾಳೆ ತೆಗೆದುಕೊಂಡು, ಬಾಗಿಲು ತಟ್ಟಿ ಒಳಗೆ ಹೋದಳು.

"ಸರ್, ಬೆಳಿಗ್ಗೆ ಕೊಟ್ಟಿದ್ದು ಅರ್ಧ ಲಿಸ್ಟ್. ಇದು ಪೂರ್ತಿ."

ಅನಿಲ್ ಕುಮಾರ್ ನಾಲ್ಕೂ ಹಾಳೆ ಓದಿದರು. "ಅರ್ಧ ಯಾಕೆ ಕೊಟ್ರಿ?"

"ಅಪ್ಪನ ಮರ್ಯಾದೆ ಅಂದ್ಕೊಂಡೆ." ಅವಳು ಬ್ಯಾಗಿನ ಜಿಪ್ಪು ಎಳೆದಳು. "ನನ್ನ ಕೆಲಸಾನೂ."

ಅವರು ಫೈಲನ್ನು ಅವಳ ಕಡೆಗೆ ತಿರುಗಿಸಿದರು. ಕೊನೆಯ ಪುಟದಲ್ಲಿ, ಹಾರಾಟಕ್ಕೆ ಯೋಗ್ಯರು ಎಂಬ ಸಾಲು ಅವರ ಕೈಬರಹದಲ್ಲಿತ್ತು. ಸಹಿ ಇರಲಿಲ್ಲ. "ನಿಮ್ಮ ಆರೋಗ್ಯದಲ್ಲಿ ನಂಗೇನೂ ಅಡ್ಡಿ ಕಾಣ್ಲಿಲ್ಲ. ಆದ್ರೆ ಕುಟುಂಬದ ವಿಷಯ ಹೊಸದಾಗಿ ಬಂದಿದೆ, ಅದನ್ನ ನೋಡ್ದೆ ಸಹಿ ಹಾಕೋ ಹಾಗಿಲ್ಲ. ಈ ಲಿಸ್ಟ್ ವಿಷಯನೂ ನಾನು ಬರೀಲೇಬೇಕು. ನೀವಾಗೇ ತಂದುಕೊಟ್ರಿ ಅಂತಾನೂ ಬರೀತೀನಿ." ಆ ಸಾಲಿನ ಮೇಲೆ ಗೆರೆ ಎಳೆದರು. "ಮೂರು ತಿಂಗಳು. ಡಿಸೆಂಬರ್ ಹದಿನೆಂಟಕ್ಕೆ ಬನ್ನಿ. ನಿಮ್ಮ ತಂದೆಯವರ ಚಿಕಿತ್ಸೆ ದಾಖಲೆ ಎಲ್ಲ ತನ್ನಿ. ಪೂರ್ತಿ."

ಹದಿನೆಂಟಕ್ಕೂ ಮೂವತ್ತೊಂದಕ್ಕೂ ನಡುವೆ ಹದಿಮೂರು ದಿನ. ಇವರು ಒಂದು ಪತ್ರ ಬರೆಯಲು ತೆಗೆದುಕೊಳ್ಳುವುದು ಹದಿನೈದು ದಿನ. ಅವಳು ಸರಿ ಸರ್ ಎಂದು ಹೊರಗೆ ಬಂದಳು.

ಇಬ್ಬರೂ ವಾಪಸು ಆಟೋ ಹತ್ತಿದರು. ಟೌನ್ ಹಾಲಿನ ಸಿಗ್ನಲ್ಲಿನಲ್ಲಿ ಅವಳೇ ಎಲ್ಲ ಹೇಳಿದಳು, ಎರಡು ಹಾಳೆ, ನಾಲ್ಕು ಹಾಳೆ, ಗೆರೆ ಎಳೆದ ಸಾಲು. ಹೇಳುತ್ತಾ ಹೇಳುತ್ತಾ ಅಳು ಬಂತು, ಸಿಟ್ಟಿನ ಅಳು. ಒರೆಸಿಕೊಳ್ಳಲೂ ಇಲ್ಲ.

ಆಟೋ ಚಾಮರಾಜಪೇಟೆ ದಾಟಿತು.

"ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಇವತ್ತೇ ಸಿಕ್ತಿತ್ತಾ?"

ಇಲ್ಲ ಎಂದು ಹೇಳುವುದು ಸುಲಭವಿತ್ತು. "ಸಿಕ್ತಿತ್ತು ಅಪ್ಪ," ಅಂದಳು.

ಅವರು ತಲೆ ಆಡಿಸಿದರು. ಆಟೋ ರಾಮಕೃಷ್ಣಾಶ್ರಮದ ಸರ್ಕಲ್ಲಿಗೆ ಬಂದಾಗ ಮುಂದೆ ಬಾಗಿ ಡ್ರೈವರಿಗೆ, "ಮನೆ ಕಡೆ ಬೇಡಪ್ಪ, ತ್ಯಾಗರಾಜನಗರಕ್ಕೆ ಹೋಗು. ಒಂದು ಮೆಡಿಕಲ್ ಶಾಪ್ ಇದೆ," ಅಂದರು.

ರುದ್ರೇಶನ ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಅವರಲ್ಲಿ ಇಬ್ಬರು ಮೇಷ್ಟ್ರಿಗೆ ನಮಸ್ಕಾರ ಮಾಡಿದರು. ಆಟೋದಲ್ಲಿ ಕೂತೇ ಸುಪ್ರಜಾ ನೋಡಿದಳು. ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು, ನಾಲ್ಕು ಮಡಿಕೆ ಬಿಡಿಸಿ, ಗಾಜಿನ ಮೇಲೆ ಅಂಗೈಯಿಂದ ತೀಡಿ ಚಪ್ಪಟೆ ಮಾಡಿದರು.

"ಚೀಟಿ ಯಾಕೆ ಮೇಷ್ಟ್ರೇ, ನಂಗೊತ್ತಿಲ್ವಾ? ಅದೇ ತಾನೆ?" ಅಂದ ರುದ್ರೇಶ.

"ಅದೇ ಅಲ್ಲ. ಶಕ್ತಿ ಕಡಿಮೆದು. ಓದಿ ಕೊಡು," ಅಂದರು ಮೇಷ್ಟ್ರು. ಹಿಂದಿನ ಬೆಂಚಿಗೂ ಕೇಳಿಸುವ ಆ ಪಾಠದ ದನಿ ಅವರಿಗೆ ಇನ್ನೂ ಇತ್ತು. "ಖಿನ್ನತೆಗೆ ಕೊಡೋ ಮಾತ್ರೆ ಅದು. ನಂಗೇ. ಬಿಲ್ಲಲ್ಲಿ ಡಾಕ್ಟ್ರ ಹೆಸರು, ತಾರೀಕು ಎಲ್ಲ ಬರ್ಬೇಕು."

ನಿಂತಿದ್ದವರೊಬ್ಬರು ಫೋನು ನೋಡತೊಡಗಿದರು. ರುದ್ರೇಶ ಚೀಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ, ಸ್ಟ್ರಿಪ್ ತೆಗೆದ, ಬಿಲ್ಲು ಹರಿದ.

ಮೇಷ್ಟ್ರು ಆಟೋ ಹತ್ತಿ ಕೂತರು. ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು, ಬಿಲ್ಲನ್ನು ಮಗಳ ಕಡೆಗೆ ಚಾಚಿದರು.

"ಫೈಲಲ್ಲಿ ಇಟ್ಕೋ," ಅಂದರು. "ಡಿಸೆಂಬರಿಗೆ ಬೇಕಾಗತ್ತೆ."